ಕುದುರೆಯನ್ನು ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಿಸಬಹುದೇ?

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ನಾವು ಒಂದು ಸಣ್ಣ ಸವಾರಿ ಶಾಲೆ ನಡೆಸುತ್ತಿದ್ದೇವೆ. ರೇಸಿನಿಂದ ನಿವೃತ್ತಿಯಾದ, ಬೀಜ ತೆಗೆಸಿದ ಒಂಬತ್ತು ವರ್ಷದ ಗಂಡು ಕುದುರೆಯೊಂದು ಮೂರು ತಿಂಗಳಿನಿಂದ ಮುಂದಿನ ಬಲಗಾಲು ಕುಂಟುತ್ತಿದೆ. ಗೊರಸಿನ ಮೇಲ್ಗಡೆ ಇರುವ ಫೆಟ್‌ಲಾಕ್ ಕೀಲು ಊದಿಕೊಂಡಿದೆ. ಎಕ್ಸ್‌ರೇಯಲ್ಲಿ ಮೂಳೆಯ ಸಣ್ಣ ಚೂರೊಂದು ಕಂಡಿದ್ದು, ಕೀಲುರೋಗವೂ ಆರಂಭವಾಗಿದೆ ಎಂದಿದ್ದಾರೆ. ವೈದ್ಯರು ಪೂರ್ಣ ಅರಿವಳಿಕೆ ಕೊಟ್ಟು ಚೂರನ್ನು ತೆಗೆಸುವುದು ಒಳ್ಳೆಯದು ಎನ್ನುತ್ತಾರೆ. ನಮ್ಮ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಹಿರಿಯ ಸೈಸ್ ಮಾತ್ರ ಮಲಗಿಸಿದ ಕುದುರೆ ಎದ್ದೀತೆಂಬ ನಂಬಿಕೆ ಇಲ್ಲ ಎನ್ನುತ್ತಾರೆ. ಈ ಬಗ್ಗೆ ಸಂಶೋಧನೆ ಏನು ಹೇಳುತ್ತದೆ? ಶಸ್ತ್ರಚಿಕಿತ್ಸೆಯ ಬದಲು ಕೀಲಿಗೆ ಇಂಜೆಕ್ಷನ್ ಕೊಡಿಸಿದರೆ ಸಾಕೇ? ದಸರಾ ಮುಗಿಯುವವರೆಗೆ ನೋವಿನ ಇಂಜೆಕ್ಷನ್ ಕೊಟ್ಟು ಕೆಲಸಕ್ಕೆ ಬಿಡಬಹುದೇ?

ಉತ್ತರ: ನಿಮ್ಮ ಸೈಸ್ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಔಷಧ ಕೊಟ್ಟು, ಕಾಲಿಗೆ ಹಗ್ಗ ಬಿಗಿದು, ಕುದುರೆಯನ್ನು ನೆಲಕ್ಕೆ ಕೆಡವಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲವನ್ನು ಕಂಡವರಿಗೆ, ಕಂಡವರಿಂದ ಕೇಳಿದವರಿಗೆ ಆ ಭಯ ಸಹಜವಾದದ್ದು. ಇಂದಿಗೂ ಪೂರ್ಣ ಅರಿವಳಿಕೆಯು ಮನುಷ್ಯರಿಗಿಂತ, ನಾಯಿ ಬೆಕ್ಕುಗಳಿಗಿಂತ ಕುದುರೆಗೆ ಹೆಚ್ಚು ಅಪಾಯಕಾರಿ ಎಂಬುದರಲ್ಲಿ ಸಂಶೋಧಕರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಅಪಾಯ ಎಷ್ಟು, ಅದು ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟನ್ನು ತಪ್ಪಿಸಬಹುದು ಎಂಬುದನ್ನು ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ಸ್ಪಷ್ಟವಾಗಿ ಅಳೆಯಲಾಗಿದೆ.

ಬ್ರಿಟನ್ನಿನ ಸಂಶೋಧಕರ ನೇತೃತ್ವದಲ್ಲಿ 1991ರಿಂದ 1997ರವರೆಗೆ ಹಲವು ಆಸ್ಪತ್ರೆಗಳಲ್ಲಿ ಅರಿವಳಿಕೆ ಪಡೆದ 41,824 ಕುದುರೆಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಏಳು ದಿನಗಳ ನಂತರ ಅವು ಬದುಕಿದ್ದವೇ ಎಂದು ನೋಡಲಾಯಿತು. ಒಟ್ಟಾರೆ ಸಾವಿನ ಪ್ರಮಾಣ ಶೇ. 1.9 ಇತ್ತು. ಹೊಟ್ಟೆಶೂಲೆಯಿಂದ ಸಾಯುವ ಸ್ಥಿತಿಯಲ್ಲೇ ಬಂದು ಶಸ್ತ್ರಚಿಕಿತ್ಸೆಗೆ ಒಳಗಾದ ಕುದುರೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಶೇ. 0.9ಕ್ಕೆ ಇಳಿಯಿತು. ಇದೇ ಸಮೀಕ್ಷೆಯ ನಾಲ್ಕನೆಯ ಸುತ್ತಿನ ಮೊದಲ ಫಲಿತಾಂಶಗಳು 2021ರಲ್ಲಿ ಪ್ರಕಟವಾದವು. ಅದರಲ್ಲಿ ಪೂರ್ಣ ಅರಿವಳಿಕೆ ಪಡೆದ 6,701 ಕುದುರೆಗಳ ಪೈಕಿ ಸತ್ತವು ಶೇ. 1.0, ಹೊಟ್ಟೆಶೂಲೆಯವನ್ನು ಬಿಟ್ಟರೆ ಶೇ. 0.6. ನಿಂತಲ್ಲೇ ಮಂಪರು ಔಷಧ ಕೊಟ್ಟು ಚಿಕಿತ್ಸೆ ಮಾಡಿದ 1,955 ಪ್ರಕರಣಗಳಲ್ಲಿ ಈ ಪ್ರಮಾಣ ಶೇ. 0.2 ಮಾತ್ರ. ಹೋಲಿಕೆಗೆ ಹೇಳುವುದಾದರೆ, 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ನಾಯಿಗಳಿಗೆ ಅರಿವಳಿಕೆಯ ಸಂಬಂಧದ ಸಾವು ಶೇ. 0.17ರಷ್ಟಿತ್ತು.

ಹೀಗಾಗಿ, ನಿಮ್ಮ ಕುದುರೆಯಂತೆ ಕಾಲೊಂದನ್ನು ಬಿಟ್ಟರೆ ಉಳಿದೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ, ಮುಪ್ಪಿಗೆ ಇನ್ನೂ ದೂರವಿರುವ ಪ್ರಾಣಿಗೆ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಭಾವಿಸುವುದು ತಪ್ಪಲ್ಲ. ಆದರೆ ಈ ಅಂಕಿಗಳು ಸುಸಜ್ಜಿತ ಆಸ್ಪತ್ರೆಗಳಲ್ಲಿ, ಅರಿವಳಿಕೆಗೆಂದೇ ಒಬ್ಬರು ಪ್ರತ್ಯೇಕವಾಗಿ ನಿಂತು ನೋಡಿಕೊಂಡಾಗ ಬಂದಂಥವು. ಅವುಗಳನ್ನು ಹಾಗೆಯೇ ಎತ್ತಿಕೊಂಡು ಸಿಮೆಂಟ್ ನೆಲದ ಶೆಡ್ಡಿಗೆ ಅನ್ವಯಿಸಲಾಗದು.

ಅಪಾಯದ ಮೂಲ ಕುದುರೆಯ ದೇಹರಚನೆಯಲ್ಲೇ ಇದೆ. ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿ ಅಲುಗಾಡದೆ ಮಲಗಿದಾಗ ಅದರದೇ ಭಾರ ಕೆಳಗಿನ ಸ್ನಾಯುಗಳನ್ನು ಒತ್ತುತ್ತದೆ. ಅರಿವಳಿಕೆಯ ಅನಿಲಗಳು ರಕ್ತದೊತ್ತಡವನ್ನೂ ತಗ್ಗಿಸುವುದರಿಂದ ಒತ್ತಡಕ್ಕೆ ಸಿಕ್ಕ ಸ್ನಾಯುವಿಗೆ ರಕ್ತ ಹೋಗುವುದಿಲ್ಲ; ಎಚ್ಚರವಾದಾಗ ತೊಡೆ, ಭುಜ ಅಥವಾ ಬೆನ್ನಿನ ಸ್ನಾಯುಗಳು ಗಟ್ಟಿಯಾಗಿ, ವಿಪರೀತ ನೋವಾಗಿ, ಕುದುರೆಗೆ ನಿಲ್ಲಲಾಗುವುದಿಲ್ಲ. ಸರಾಸರಿ ರಕ್ತದೊತ್ತಡವನ್ನು ಪಾದರಸದ 70 ಮಿಲಿಮೀಟರಿಗಿಂತ ಕೆಳಗೆ ಇಳಿಯಗೊಡದಿದ್ದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ ಎಂಬುದು ಈ ಕ್ಷೇತ್ರದ ಅತ್ಯಂತ ಉಪಯುಕ್ತ ತಿಳಿವಳಿಕೆಗಳಲ್ಲೊಂದು. ಅದಕ್ಕಾಗಿ ಮುಖದ ಅಥವಾ ಕಾಲಿನ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ಒತ್ತಡವನ್ನು ಸತತವಾಗಿ ಅಳೆಯುತ್ತಾರೆ, ಬೇಕಾದಾಗ ಒತ್ತಡ ಏರಿಸುವ ಡೊಬ್ಯುಟಮಿನ್ ಔಷಧ ಹನಿಸುತ್ತಾರೆ. ಶ್ವಾಸಕೋಶದ ಕಷ್ಟ ಇನ್ನೊಂದು. ಬೆನ್ನ ಮೇಲೆ ಮಲಗಿಸಿದಾಗ ಹೊಟ್ಟೆಯ ಭಾರವೆಲ್ಲ ಎದೆ, ಹೊಟ್ಟೆಗಳ ನಡುವಿನ ಪೊರೆಯಾದ ವಪೆಯ ಮೇಲೆ ಬಿದ್ದು, ಶ್ವಾಸಕೋಶದ ಕೆಳಭಾಗ ಕುಗ್ಗಿ, ಆಮ್ಲಜನಕ ಕೊಡುತ್ತಿದ್ದರೂ ರಕ್ತಕ್ಕೆ ಅದು ಸಾಲದಾಗುತ್ತದೆ. ಹೊತ್ತು ಕಳೆದಷ್ಟೂ ಈ ಎರಡೂ ತೊಂದರೆಗಳು ಬೆಳೆಯುತ್ತವೆ. ಅದಕ್ಕೇ ಕೈಚಳಕವಿರುವ ಶಸ್ತ್ರವೈದ್ಯರು ಬೇಗ ಮುಗಿಸುವ ಕೆಲಸವೂ ಅರಿವಳಿಕೆಯ ಸುರಕ್ಷತೆಯ ಒಂದು ಭಾಗ.

ಇಷ್ಟಾದರೂ ನನ್ನ ಅಭಿಪ್ರಾಯದಲ್ಲಿ ಕುದುರೆಯ ಮಾಲೀಕರು ಹೆಚ್ಚು ವಿಚಾರಿಸಬೇಕಾದದ್ದು ಮಲಗಿಸುವುದರ ಬಗ್ಗೆ ಅಲ್ಲ, ಏಳಿಸುವುದರ ಬಗ್ಗೆ. ಮೊದಲು ಹೇಳಿದ ದೊಡ್ಡ ಸಮೀಕ್ಷೆಯಲ್ಲಿ ಸಾವುಗಳ ಸುಮಾರು ಮೂರನೇ ಒಂದು ಭಾಗ ಹೃದಯ ಮತ್ತು ರಕ್ತಪರಿಚಲನೆ ನಿಂತದ್ದರಿಂದ ಆದರೆ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ಮೂಳೆ ಮುರಿತ ಮತ್ತು ಸ್ನಾಯುಹಾನಿಯಿಂದ ಆದದ್ದು. ಬಯಲಿನಲ್ಲಿ ಬೇಟೆಗೆ ಸಿಕ್ಕುವ ಪ್ರಾಣಿಯಾಗಿ ಬೆಳೆದುಬಂದ ಕುದುರೆಗೆ ನೆಲಕ್ಕೆ ಬಿದ್ದಿರುವುದೆಂದರೆ ಪ್ರಾಣಭಯ. ಅರೆಎಚ್ಚರದಲ್ಲೇ, ಕಾಲುಗಳು ಇನ್ನೂ ಹಿಡಿತಕ್ಕೆ ಬಾರದಿರುವಾಗಲೇ, ಅದು ಏಳಲು ನುಗ್ಗುತ್ತದೆ. 1975ರ ಜುಲೈನಲ್ಲಿ ಅಮೆರಿಕದ ಹೆಸರಾಂತ ಹೆಣ್ಣು ಕುದುರೆ ರಫಿಯನ್ ಓಟದ ನಡುವೆ ಮುಂಗಾಲಿನ ಫೆಟ್‌ಲಾಕ್ ಮುರಿದುಕೊಂಡಾಗ ಆ ರಾತ್ರಿಯೇ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ಅರಿವಳಿಕೆ ಇಳಿಯುತ್ತಿದ್ದಂತೆ ಅದು ಮಲಗಿದಲ್ಲೇ ಓಡುವಂತೆ ಕಾಲು ಬಡಿದು, ಸರಿಪಡಿಸಿದ್ದನ್ನೆಲ್ಲ ಮತ್ತೆ ಮುರಿದುಕೊಂಡು, ಕೊನೆಗೆ ದಯಾಮರಣ ಕೊಡಬೇಕಾಯಿತು. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬಾರೋ ಎರಡು ವಾರದ ನಂತರದ ಇನ್ನೊಂದು ಓಟದಲ್ಲಿ ಹಿಂಗಾಲು ಮುರಿದುಕೊಂಡಾಗ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅದನ್ನು ರಬ್ಬರ್ ತೆಪ್ಪದಲ್ಲಿ ಕೂರಿಸಿ ಕೊಳದ ನೀರಿನಲ್ಲಿ ತೇಲಿಸಿಯೇ ಎಚ್ಚರಗೊಳಿಸಿದರು. ಏಳುವ ಹಂತವನ್ನು ಅದು ಸುರಕ್ಷಿತವಾಗಿ ದಾಟಿತು. ಹಲವು ತಿಂಗಳ ಶುಶ್ರೂಷೆಯ ನಂತರ, 2007ರ ಜನವರಿಯಲ್ಲಿ, ಗೊರಸಿನೊಳಗಿನ ಉರಿಯೂತದಿಂದಾಗಿ ಅದನ್ನೂ ಉಳಿಸಿಕೊಳ್ಳಲಾಗಲಿಲ್ಲ. ಎರಡೂ ಮುರಿದ ಮೂಳೆಯ ಪ್ರಕರಣಗಳು. ನಿಮ್ಮ ಕುದುರೆಯ ಸಣ್ಣ ಚೂರಿನೊಡನೆ ಹೋಲಿಸುವಂಥವಲ್ಲ. ಎಚ್ಚರವಾಗುವ ಕೋಣೆಗೆ ಶಸ್ತ್ರಚಿಕಿತ್ಸೆಯ ಕೋಣೆಯಷ್ಟೇ ಮಹತ್ವ ಏಕೆ ಎಂಬುದು ತಿಳಿಯಲೆಂದು ಇವನ್ನು ಹೇಳಿದೆ.

ಕೊಳ ಎಲ್ಲ ಕಡೆ ಇರುವುದಿಲ್ಲ, ಎಲ್ಲ ಕುದುರೆಗೂ ಬೇಕಾಗಿಯೂ ಇಲ್ಲ. ಗೋಡೆಗೆ ಮೆತ್ತೆ ಹೊದಿಸಿದ, ಜಾರದ ನೆಲದ, ಮಬ್ಬು ಬೆಳಕಿನ, ಗದ್ದಲವಿಲ್ಲದ ಕೋಣೆ ಬೇಕು. ತಲೆಗೆ ಮತ್ತು ಬಾಲಕ್ಕೆ ಹಗ್ಗ ಕಟ್ಟಿ ಹೊರಗಿನಿಂದ ಆಸರೆ ಕೊಡುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಅನಿಲ ನಿಲ್ಲಿಸಿದ ಮೇಲೆ ಜೈಲಜಿನ್ನಿನಂಥ ಮಂಪರು ಔಷಧವನ್ನು ಸ್ವಲ್ಪ ಕೊಟ್ಟು, ಕುದುರೆ ಆತುರದಿಂದ ಏಳದಂತೆ ನೋಡಿಕೊಳ್ಳುವುದು ಈಗ ರೂಢಿ. ಕುದುರೆ ಮೂಗಿನಿಂದಲೇ ಉಸಿರಾಡುವ ಪ್ರಾಣಿಯಾದ್ದರಿಂದ, ಮಲಗಿದ್ದಾಗ ಊದಿಕೊಂಡ ಮೂಗಿನ ದಾರಿ ತೆರೆದಿದೆಯೇ ಎಂದು ನೋಡದೆ ಉಸಿರಿನ ಕೊಳವೆಯನ್ನು ತೆಗೆಯುವಂತಿಲ್ಲ.

ಇನ್ನು ನಿಮ್ಮ ಕುದುರೆಯ ಕಾಲಿನ ವಿಚಾರ. ಎಕ್ಸ್‌ರೇಯಲ್ಲಿ ಚೂರು ಕಂಡಿತು, ಕುದುರೆ ಕುಂಟುತ್ತಿದೆ, ಆದ್ದರಿಂದ ಚೂರೇ ಕಾರಣ ಎಂಬ ತೀರ್ಮಾನಕ್ಕೆ ಬರುವ ಮೊದಲು ಒಂದು ಹೆಜ್ಜೆ ಬಾಕಿ ಇದೆ. ಅದು ಆಗಿದೆ ಎಂದು ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ರೇಸಿನಲ್ಲಿ ಓಡಿದ ಕುದುರೆಗಳ ಫೆಟ್‌ಲಾಕಿನಲ್ಲಿ, ಮೊದಲ ಬೆರಳ ಮೂಳೆಯ ಮೇಲಂಚಿನಿಂದ ಸಿಡಿದ ಇಂಥ ಚೂರುಗಳು ಸಾಮಾನ್ಯ. ನಾಗಾಲೋಟದಲ್ಲಿ ಒಂದೇ ಮುಂಗಾಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುವಾಗ, ಆ ಕೀಲು ಹಿಂದಕ್ಕೆ ಬಾಗಿ ಮೂಳೆಯಂಚುಗಳು ಒಂದಕ್ಕೊಂದು ತಾಗುತ್ತವೆ. ಚೂರಿದ್ದೂ ಒಂದಿಷ್ಟೂ ಕುಂಟದ ಕುದುರೆಗಳು ಎಷ್ಟೋ ಇವೆ. ನಿಮ್ಮ ಕುದುರೆಯ ಚೂರು ರೇಸಿನ ದಿನಗಳದ್ದಾಗಿದ್ದು, ಈಗಿನ ನೋವು ಗೊರಸಿನಿಂದಲೋ ಸ್ನಾಯುರಜ್ಜಿನಿಂದಲೋ ಬರುತ್ತಿರಬಹುದು.

ಇದನ್ನು ಪರೀಕ್ಷಿಸುವ ವಿಧಾನ ಹಳೆಯದು, ಅಗ್ಗದ್ದು, ವಿಶ್ವಾಸಾರ್ಹವಾದದ್ದು. ಕಾಲಿನ ಕೆಳಗಿನಿಂದ ಮೇಲಕ್ಕೆ ಒಂದೊಂದೇ ನರದ ಸುತ್ತ ಲಿಗ್ನೊಕೇನ್ ಅಥವಾ ಮೆಪಿವಕೇನ್ ಕೊಟ್ಟು ಮರಗಟ್ಟಿಸುತ್ತಾ, ಪ್ರತಿಬಾರಿ ಕುದುರೆಯನ್ನು ಗಟ್ಟಿ ನೆಲದ ಮೇಲೆ ನೇರವಾಗಿ ದುಡುಕಿಯಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದಲ್ಲಿ, ಓಡಿಸಿ ನೋಡುತ್ತಾರೆ. ಗೊರಸಿನ ಭಾಗ ಮರಗಟ್ಟಿದಾಗಲೇ ಕುಂಟು ನಿಂತರೆ ಫೆಟ್‌ಲಾಕಿನ ಚೂರು ನಿರಪರಾಧಿ. ಅಲ್ಲಿ ನಿಲ್ಲದೆ, ಫೆಟ್‌ಲಾಕ್ ಕೀಲಿನೊಳಗೇ ಔಷಧ ಹಾಕಿದಾಗ ನಿಂತರೆ ನೋವು ಅಲ್ಲಿಯದೇ ಎಂದು ಧೈರ್ಯದಿಂದ ಹೇಳಬಹುದು. ಕೀಲನ್ನು ಒಂದು ನಿಮಿಷ ಮಡಚಿ ಹಿಡಿದು ಓಡಿಸುವ ಪರೀಕ್ಷೆಯೊಂದನ್ನೇ ನಂಬಬೇಡಿ. ಬಲವಾಗಿ ಮಡಚಿದರೆ ಆರೋಗ್ಯವಂತ ಕುದುರೆಯೂ ನಾಲ್ಕು ಹೆಜ್ಜೆ ಕುಂಟುತ್ತದೆ. ಈ ಪರೀಕ್ಷೆಯಾಗದೆ ಕುದುರೆಯನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸಬೇಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅರಿವಳಿಕೆಯ ಅಪಾಯ ಎಷ್ಟೇ ಸಣ್ಣದಿದ್ದರೂ, ನೋವಿನ ಮೂಲವಲ್ಲದ ಕೀಲಿಗಾಗಿ ಅದನ್ನು ಹೊರಿಸುವುದು ನ್ಯಾಯವಲ್ಲ.

ನೋವು ಆ ಕೀಲಿನದೇ ಎಂದು ಖಚಿತವಾಯಿತೆಂದುಕೊಳ್ಳಿ. ಆಗ ಚೂರನ್ನು ತೆಗೆಯುವುದರ ಪರವಾಗಿ ಬಲವಾದ ಕಾರಣಗಳಿವೆ. ಫೆಟ್‌ಲಾಕಿನಲ್ಲಿ ಮೂಳೆಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ್ದು. ಅದಕ್ಕೆ ರಕ್ತನಾಳಗಳಿಲ್ಲ, ಪೋಷಣೆಯೆಲ್ಲ ಕೀಲಿನ ದ್ರವದಿಂದ. ಒಮ್ಮೆ ಸವೆದರೆ ಅದೇ ಗುಣದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಸಡಿಲವಾದ ಚೂರು ಕೀಲಿನ ಒಳಪೊರೆಯನ್ನು ಕೆರಳಿಸುತ್ತಲೇ ಇರುತ್ತದೆ, ಕೆರಳಿದ ಪೊರೆ ಸ್ರವಿಸುವ ಇಂಟರ್‌ಲ್ಯೂಕಿನ್-1ನಂಥ ರಾಸಾಯನಿಕಗಳು ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ಎಬ್ಬಿಸುತ್ತವೆ, ಕೀಲಿನ ದ್ರವ ತನ್ನ ಜಿಗುಟು ಗುಣ ಕಳೆದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯಂಚು ಮುಳ್ಳಿನಂತೆ ಬೆಳೆದದ್ದು ಕಾಣುವ ಹೊತ್ತಿಗೆ ಮೃದ್ವಸ್ಥಿಯ ಹಾನಿ ಎಷ್ಟೋ ಮುಂದುವರಿದಿರುತ್ತದೆ, ಏಕೆಂದರೆ ಮೃದ್ವಸ್ಥಿಯೇ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಚೂರು ತೆಗೆಯುವ ವಿಧಾನವಾದ ಆರ್ತ್ರೋಸ್ಕೋಪಿ ಎಂದರೆ ಕೀಲಿನ ಮೇಲೆ ಸೆಂಟಿಮೀಟರಿಗೂ ಚಿಕ್ಕದಾದ ಎರಡು ತೂತು ಮಾಡಿ, ಒಂದರಿಂದ ಕ್ಯಾಮೆರಾದ ನಳಿಕೆಯನ್ನೂ ಇನ್ನೊಂದರಿಂದ ಉಪಕರಣವನ್ನೂ ಒಳಗಿಟ್ಟು, ಚೂರನ್ನು ಹಿಡಿದು ತೆಗೆದು, ಕೀಲನ್ನು ತೊಳೆಯುವುದು. ನ್ಯೂಜಿಲೆಂಡ್ ಮೂಲದ ವೇಯ್ನ್ ಮೆಕಿಲ್‌ರೈತ್ ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದ ಇದನ್ನು ಕುದುರೆಗಳಿಗೆ ಒಗ್ಗಿಸಿ ಬೆಳೆಸಿದವರಲ್ಲಿ ಪ್ರಮುಖರು. ಇದರ ದೊಡ್ಡ ಲಾಭವೆಂದರೆ ಮೃದ್ವಸ್ಥಿಯ ಸ್ಥಿತಿಯನ್ನು ಕಣ್ಣಾರೆ ಕಾಣಬಹುದು. ಕುದುರೆಯಿಂದ ಮುಂದೆ ಎಷ್ಟು ಕೆಲಸ ನಿರೀಕ್ಷಿಸಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಆದರೆ ಚೂರು ತೆಗೆದ ಮಾತ್ರಕ್ಕೆ ಈಗಾಗಲೇ ಸವೆದ ಮೃದ್ವಸ್ಥಿ ಮರಳುವುದಿಲ್ಲ. ಕೀಲುರೋಗಕ್ಕೆ ಶಸ್ತ್ರಚಿಕಿತ್ಸೆ ಮದ್ದಲ್ಲ. ರೋಗವನ್ನು ಉಲ್ಬಣಗೊಳಿಸುತ್ತಿರುವ ಒಂದು ಕಾರಣವನ್ನು ಮಾತ್ರ ಅದು ತೆಗೆದುಹಾಕುತ್ತದೆ.

ನಿಮ್ಮ ಸೈಸ್ ಅವರಿಗೆ ಸಮಾಧಾನ ತರಬಹುದಾದ ವಿಷಯ ಒಂದಿದೆ. ಫೆಟ್‌ಲಾಕಿನ ಮುಂಭಾಗದ ಚೂರುಗಳನ್ನು ಕುದುರೆ ನಿಂತಿರುವಂತೆಯೇ, ಡೆಟೊಮಿಡಿನ್‌ನಂಥ ಮಂಪರು ಔಷಧ ಮತ್ತು ಸ್ಥಳೀಯ ಅರಿವಳಿಕೆಯಲ್ಲಿ ಆರ್ತ್ರೋಸ್ಕೋಪಿ ಮಾಡಿ ತೆಗೆಯಬಹುದೆಂದು 2002ರಲ್ಲೇ ವರದಿಯಾಗಿದೆ. ಅಲ್ಲಿಂದೀಚೆಗೆ ನಿಂತಲ್ಲೇ ಮಾಡುವ ಶಸ್ತ್ರಚಿಕಿತ್ಸೆಗಳ ವ್ಯಾಪ್ತಿ ಬಹಳ ಹಿಗ್ಗಿದೆ. ಮಲಗಿಸುವ, ಏಳಿಸುವ ಎರಡೂ ಅಪಾಯಗಳು ಇದರಲ್ಲಿ ಇಲ್ಲ. ಆದರೆ ಕುದುರೆ ಸೌಮ್ಯ ಸ್ವಭಾವದ್ದಾಗಿರಬೇಕು, ಚೂರು ಸುಲಭವಾಗಿ ಕೈಗೆಟಕುವ ಜಾಗದಲ್ಲಿರಬೇಕು, ಶಸ್ತ್ರವೈದ್ಯರಿಗೆ ಈ ವಿಧಾನದ ಅನುಭವವಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮಲಗಿಸಿ ಮಾಡುವುದೇ ಕ್ಷೇಮ, ಏಕೆಂದರೆ ಕೀಲಿನೊಳಗೆ ಉಪಕರಣವಿರುವಾಗ ಕುದುರೆ ಕಾಲು ಎಳೆದುಕೊಂಡರೆ ಆಗುವ ಹಾನಿ ಸಣ್ಣದಲ್ಲ. ಈ ಪ್ರಶ್ನೆಯನ್ನು ನಿಮ್ಮ ವೈದ್ಯರ ಮುಂದಿಡಿ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನ ಕುದುರೆಗಳನ್ನೂ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನೂ ನೋಡಿಕೊಳ್ಳುವ ವೈದ್ಯರು ನಿಮ್ಮ ಊರಿನಲ್ಲೇ ಇರುವುದರಿಂದ, ಎರಡನೆಯ ಅಭಿಪ್ರಾಯ ಕೇಳಲು ದೂರ ಹೋಗಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಒಯ್ಯಬೇಕಾಗಿ ಬಂದರೆ ಒಂದು ದಿನ ಮೊದಲೇ ತಲುಪಿಸಿ. ವಾಹನದಲ್ಲಿ ತಲೆ ಎತ್ತಿ ಕಟ್ಟಿ ನಿಲ್ಲಿಸಿದ ಕುದುರೆಯ ಶ್ವಾಸನಾಳದಲ್ಲಿ ಕಫ ನಿಲ್ಲುತ್ತದೆ, ಅದು ತಲೆ ತಗ್ಗಿಸಿ ಮೇಯ್ದು ಸುಧಾರಿಸಿಕೊಳ್ಳಲು ಸಮಯ ಬೇಕು.

ಎಲ್ಲೇ ಮಾಡಿಸಿದರೂ ಕೆಲವು ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ. ಅರಿವಳಿಕೆಯನ್ನು ನೋಡಿಕೊಳ್ಳಲು ಶಸ್ತ್ರವೈದ್ಯರಲ್ಲದೆ ಬೇರೊಬ್ಬರು ಇರುತ್ತಾರೆಯೇ, ರಕ್ತದೊತ್ತಡವನ್ನು ಅಳೆಯುತ್ತಾರೆಯೇ, ಮಲಗಿಸುವ ಮೇಜಿಗೆ ದಪ್ಪ ಹಾಸು ಇದೆಯೇ, ಎಚ್ಚರವಾಗುವ ಕೋಣೆಯನ್ನು ಮೊದಲೇ ನೋಡಬಹುದೇ, ಕೆಲಸ ಎಷ್ಟು ಹೊತ್ತಿನದು, ಹಗಲಿನಲ್ಲೇ ನಡೆಯುತ್ತದೆಯೇ? ರಾತ್ರಿಯ ತುರ್ತು ಶಸ್ತ್ರಚಿಕಿತ್ಸೆಗಳಲ್ಲಿ ಅಪಾಯ ಹೆಚ್ಚೆಂದು ಸಮೀಕ್ಷೆಗಳು ತೋರಿಸಿವೆ; ನಿಮ್ಮದು ಕಾದು ಮಾಡಬಹುದಾದದ್ದು. ಅನಿಲವಿಲ್ಲದೆ ಜೈಲಜಿನ್, ಕೆಟಮಿನ್‌ಗಳನ್ನು ರಕ್ತನಾಳಕ್ಕೆ ಕೊಟ್ಟು ಹುಲ್ಲುಗಾವಲಿನಲ್ಲಿ ಮಲಗಿಸುವ ಪದ್ಧತಿ ಬೀಜ ತೆಗೆಯುವಂಥ ಚುಟುಕು ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಕೀಲನ್ನು ತೆರೆಯುವ ಕೆಲಸಕ್ಕೆ ಅಲ್ಲ. ಕೀಲಿಗೆ ಸೋಂಕು ತಗುಲಿದರೆ ಚೂರಿಗಿಂತ ದೊಡ್ಡ ಅನಾಹುತ.

ನೀವು ಮನೆಯಲ್ಲಿ ಮಾಡಬೇಕಾದ ಸಿದ್ಧತೆಯಲ್ಲಿ ಧನುರ್ವಾಯು ಲಸಿಕೆಗೆ ಮೊದಲ ಸ್ಥಾನ. ಸಾಕುಪ್ರಾಣಿಗಳ ಪೈಕಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಪ್ರಾಣಿ ಇನ್ನೊಂದಿಲ್ಲ. ಲಾಳಗಳನ್ನು ಹಿಂದಿನ ದಿನವೇ ತೆಗೆಸಿ. ಶಸ್ತ್ರಚಿಕಿತ್ಸೆಯ ನಂತರ ಕೆಲಸವಿಲ್ಲದೆ ನಿಲ್ಲುವ ದಿನಗಳಲ್ಲಿ ಹುರುಳಿ, ಬೂಸಾದ ಪ್ರಮಾಣವನ್ನು ಬಹಳ ತಗ್ಗಿಸಿ, ಹುಲ್ಲನ್ನೇ ಮುಖ್ಯ ಮಾಡಿ. ಮೊದಲ ಎರಡು ದಿನ ಲದ್ದಿಯನ್ನು ಎಣಿಸುತ್ತಿರಿ. ಅರಿವಳಿಕೆಯ ನಂತರ ಕರುಳು ಮಂದವಾಗಿ ಹೊಟ್ಟೆಶೂಲೆ ಬರುವುದುಂಟು, ಲದ್ದಿ ಕಡಿಮೆಯಾದರೆ ಅದೇ ಮೊದಲ ಸೂಚನೆ. ಎಲ್ಲ ಸರಿಯಾಗಿದ್ದರೆ ಕೈಯಲ್ಲಿ ಹಿಡಿದು ನಡೆಸುವುದರಿಂದ ಆರಂಭಿಸಿ, ಎರಡು ಮೂರು ತಿಂಗಳಲ್ಲಿ ಹಗುರವಾದ ಸವಾರಿಗೆ ಬರಬಹುದು.

ಇಂಜೆಕ್ಷನ್ ಸಾಕೇ ಎಂಬ ಪ್ರಶ್ನೆಗೆ ಉತ್ತರ ಚೂರು ಸಡಿಲವಾಗಿದೆಯೇ ಎಂಬುದನ್ನು ಅವಲಂಬಿಸಿದೆ. ಸಡಿಲ ಚೂರಿರುವ ಕೀಲಿಗೆ ಸ್ಟೀರಾಯ್ಡ್ ಕೊಟ್ಟರೆ ನೋವು ಅಡಗುತ್ತದೆ, ಕುದುರೆ ಪೂರ್ಣ ಭಾರ ಹಾಕಿ ಓಡುತ್ತದೆ, ಒಳಗಿನ ಸವೆತ ಮುಂದುವರಿಯುತ್ತದೆ. ಚೂರು ಹಳೆಯದಾಗಿ ಪೊರೆಗೆ ಅಂಟಿಕೊಂಡಿದ್ದು, ತೊಂದರೆ ಮುಖ್ಯವಾಗಿ ಉರಿಯೂತದ್ದಾಗಿದ್ದರೆ ಇಂಜೆಕ್ಷನ್ನಿಗೆ ಅರ್ಥವಿದೆ. ಆಗಲೂ ಯಾವ ಸ್ಟೀರಾಯ್ಡ್ ಎಂಬುದು ಮುಖ್ಯ. ಕೊಲರಾಡೊದ ಸಂಶೋಧಕರು ಕುದುರೆಗಳ ಮುಂಗಾಲಿನ ಕೀಲಿನಲ್ಲಿ ಸಣ್ಣ ಚೂರೊಂದನ್ನು ತಾವೇ ಮಾಡಿ, ಓಡುಪಟ್ಟಿಯ ಮೇಲೆ ವ್ಯಾಯಾಮ ಮಾಡಿಸಿ, ಒಂದೊಂದು ಔಷಧವನ್ನೂ ಹೋಲಿಸಿ ನೋಡಿದ್ದಾರೆ. ಟ್ರಯಾಮ್ಸಿನೊಲೋನ್ ಪಡೆದ ಕುದುರೆಗಳಲ್ಲಿ ಕುಂಟೂ ಕಡಿಮೆಯಾಯಿತು, ಮೃದ್ವಸ್ಥಿಯ ಸ್ಥಿತಿಯೂ ಉತ್ತಮವಾಗಿತ್ತು. ಮೀಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟ್ ಮೃದ್ವಸ್ಥಿಗೆ ಹಾನಿಕರ ಎಂಬುದಕ್ಕೆ ಹಲವು ಅಧ್ಯಯನಗಳ ಆಧಾರವಿದೆ. ಹೆಚ್ಚು ಚಲಿಸುವ ಫೆಟ್‌ಲಾಕಿನಂಥ ಕೀಲಿಗೆ ಎರಡನೆಯದನ್ನು ನಾನು ಸೂಚಿಸುವುದಿಲ್ಲ. ಹಯಲುರಾನಿಕ್ ಆಮ್ಲ, ಕುದುರೆಯದೇ ರಕ್ತದಿಂದ ಸಿದ್ಧಪಡಿಸುವ ಸೀರಮ್ ಮುಂತಾದವೂ ಇವೆ. ದುಬಾರಿ, ಎಲ್ಲ ಕಡೆ ಸಿಗುವಂಥವಲ್ಲ. ಅವುಗಳಿಗೆ ಮೊದಲು ಗೊರಸನ್ನು ಸರಿಯಾಗಿ ಕತ್ತರಿಸಿ ಲಾಳ ಹಾಕಿಸುವುದು, ಟಾರು ರಸ್ತೆಯ ಮೇಲಿನ ದುಡುಕಿಯನ್ನು ನಿಲ್ಲಿಸುವುದು, ಭಾರದ ಸವಾರರನ್ನು ಹತ್ತಿಸದಿರುವುದು ಇವುಗಳಿಂದ ಸಿಗುವ ಲಾಭವನ್ನು ಪಡೆಯಿರಿ.

ಕೊನೆಯದಾಗಿ ದಸರಾದ ಮಾತು. ನೋವು ಅಡಗಿಸಿ ಕೆಲಸಕ್ಕೆ ಬಿಡುವುದು ಬೇಡವೇ ಬೇಡ. ಕೀಲು ಮರಗಟ್ಟಿದ ಕುದುರೆಯ ಮೇಲೆ ಮಗುವೊಂದನ್ನು ಕೂರಿಸಿದಾಗ ಕುದುರೆ ಮುಗ್ಗರಿಸಿದರೆ ಪೆಟ್ಟು ಇಬ್ಬರಿಗೂ. ಊರಿನಲ್ಲಿ ಸುಲಭವಾಗಿ ಸಿಗುವ ಡೈಕ್ಲೊಫಿನ್ಯಾಕನ್ನು ಪ್ರಾಣಿಗಳಿಗೆ ಕೊಡುವುದು ಭಾರತದಲ್ಲಿ 2006ರಿಂದ ನಿಷಿದ್ಧ, ಏಕೆಂದರೆ ಆ ಔಷಧ ಉಳಿದ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅಭಯಾರಣ್ಯವನ್ನೇ ಘೋಷಿಸಬೇಕಾಯಿತು. ನಮ್ಮ ಲಾಯಗಳಲ್ಲಿ ಬಳಸುವ ಔಷಧ ಅವುಗಳ ಅಳಿವು ಉಳಿವಿಗೆ ನೇರವಾಗಿ ಸಂಬಂಧಿಸಿದ್ದು. ಕುದುರೆಗಳಿಗೆ ಬಹುಕಾಲ ಬಳಸುತ್ತಿದ್ದ ಕೀಟೊಪ್ರೊಫೆನ್ ಕೂಡ ಇದೇ ಕಾರಣಕ್ಕೆ 2023ರಲ್ಲಿ ನಿಷೇಧಕ್ಕೊಳಗಾಯಿತು. ವೈದ್ಯರು ಬರೆದುಕೊಟ್ಟರೆ ಮೆಲಾಕ್ಸಿಕಾಮ್ ಕೊಡಬಹುದು. ಅದು ರಣಹದ್ದುಗಳಿಗೂ ಸುರಕ್ಷಿತ. ಫಿನೈಲ್‌ಬ್ಯೂಟಜೋನನ್ನು ಪ್ರತಿ ಕಿಲೋ ತೂಕಕ್ಕೆ 2.2ರಿಂದ 4.4 ಮಿಲಿಗ್ರಾಂ ಮಿತಿ ಮೀರಿ ಅಥವಾ ವಾರಗಟ್ಟಲೆ ಕೊಟ್ಟರೆ ಜಠರದಲ್ಲೂ ದೊಡ್ಡ ಕರುಳಿನಲ್ಲೂ ಹುಣ್ಣಾಗುತ್ತದೆ. ಎರಡು ನೋವುನಿವಾರಕಗಳನ್ನು ಒಟ್ಟಿಗೆ ಎಂದೂ ಕೊಡಬೇಡಿ. ಈ ಔಷಧಗಳು ಲಾಯದಲ್ಲಿ ವಿಶ್ರಾಂತಿಯಲ್ಲಿರುವ ಕುದುರೆಯ ನೋವು ತಗ್ಗಿಸಲಿಕ್ಕೆ. ದಸರಾದ ಸವಾರಿಗೆ ಬೇರೆ ಕುದುರೆಯನ್ನು ಹೊಂದಿಸಿಕೊಳ್ಳಿ, ಆ ದಿನಗಳನ್ನು ನರ ಮರಗಟ್ಟಿಸುವ ಪರೀಕ್ಷೆ ಮಾಡಿಸಲು, ಹೊಸ ಎಕ್ಸ್‌ರೇ ತೆಗೆಸಲು ಬಳಸಿಕೊಳ್ಳಿ.